ಒಂದು ಸೆಟ್ ಅಂದರೆ ಎಷ್ಟು

ಇವತ್ತು ಬೆಳಗಿನಿಂದ ಮಾಡಿದ ಕೆಲಸ: ಎದ್ದ ಕೂಡಲೇ ರಜಾಯಿ ಸರಿಸಿ ದೋಸೆ ಹಿಟ್ಟು ಉಬ್ಬಿದೆಯೇ ನೋಡಿದೆ, ಇಲ್ಲ. ಮತ್ತೆ ಹೊದಿಸಿದೆ. ಕೆಳಗಿಳಿದು ಮನೆಯೊಡತಿಯ ಹತ್ತಿರ ಎಮ್ಮೆ ಹಾಲು ತಂದೆ. ಶಬಾನಾಳ ಸ್ವೆಟರಿಗೆ ಎರಡು ಗುಂಡಿ ಹೊಲಿದೆ, ಒಂದರ ಬಣ್ಣ ಹೊಂದಲಿಲ್ಲ. ನನ್ನ ಕಾಲುಚೀಲ ಒಗೆದು ಹಗ್ಗಕ್ಕೆ ಹಾಕಿದೆ. ನಿನ್ನೆ ಹಾಕಿದ್ದೇ ಇನ್ನೂ ಒಣಗಿಲ್ಲ. ಕಾಯಿ ಒಡೆಯಲು ಕತ್ತಿ ಸಿಗದೆ ಮೆಟ್ಟಿಲಿಗೆ ಕುಟ್ಟಿದೆ. ಕಾಯಿಗಿಂತ ಮೊದಲು ಮೆಟ್ಟಿಲಿನ ಮೂಲೆ ಹೋಯಿತು. ಕೆಂಪು ಪೆನ್ನು ಹಿಡಿದು ಅರವತ್ತೆರಡು ಚೀಟಿಗಳಲ್ಲಿ ಉಳಿದಿದ್ದ ಕೊನೆಯ ಒಂಬತ್ತನ್ನು ತಿದ್ದಿ ಮುಗಿಸಿದೆ. ಮತ್ತೆ ಹಿಟ್ಟು ನೋಡಿದೆ.

ಹಿಟ್ಟಿಗೂ ಆ ಚೀಟಿಗಳಿಗೂ ಸಂಬಂಧವಿದೆ. ಊರಿಗೆ ಹೋಗಿ ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಮುನಿರ್ಕಾ

ನಾನು ತುಮಕೂರಿನ ಕಡೆಯ ಒಂದು ಆಸ್ಪತ್ರೆಯ ರೆಕಾರ್ಡು ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ರಿಜಿಸ್ಟರು ಬರೆಯುವವಳು. ನನ್ನ ಅಕ್ಷರ ಗುಂಡಗೆ ಇದೆ ಎನ್ನುವುದನ್ನು ಬಿಟ್ಟರೆ ನನ್ನ ಬಗ್ಗೆ ಹೊಗಳಿಕೆ ಕೇಳಿದ್ದು ಕಡಿಮೆ. ಶಬಾನಾ ನಮ್ಮ ಕ್ವಾರ್ಟರ್ಸಿನ ಪಕ್ಕದ ಮನೆಯ ಹುಡುಗಿ. ದೆಹಲಿಯಲ್ಲಿ ದೊಡ್ಡ ಓದು ಓದುತ್ತಾ ಮುನಿರ್ಕಾದಲ್ಲಿ ಮಹಡಿಯ ಕೋಣೆ ಬಾಡಿಗೆ ಹಿಡಿದಿದ್ದಾಳೆ. ನವೆಂಬರಿನಲ್ಲಿ ಫೋನು ಮಾಡಿದಳು: "ಲಲಿತಾಂಟಿ, ಮೂರು ವಾರ ಬಂದು ಚೀಟಿ ಬರೆದುಕೊಡ್ತೀರಾ? ಇಲ್ಲಿ ಯಾರಿಗೂ ತಾಳ್ಮೆ ಇಲ್ಲ."

ಯಾವ ಚೀಟಿ ಎಂದು ಕೇಳಿದೆ. ಓದಿನ ಜೊತೆ ಅವಳು ಕೆಲಸ ಮಾಡುತ್ತಿರುವುದು ನಶೆಯ ಔಷಧಿಯನ್ನು ಸೂಜಿಯಲ್ಲಿ ಚುಚ್ಚಿಕೊಳ್ಳುವವರ ಸಮೀಕ್ಷೆಯಲ್ಲಂತೆ. ಕೆಲವು ತಿಂಗಳಿಗೊಮ್ಮೆ ಒಂದೇ ಪ್ರಶ್ನೆಗಳನ್ನು ಕೇಳುತ್ತಾರೆ: ಏನು ಚುಚ್ಚಿಕೊಳ್ಳುತ್ತೀರಿ, ದಿನಕ್ಕೆ ಎಷ್ಟು ಸಲ, ಸೂಜಿ ಹಂಚಿಕೊಳ್ಳುತ್ತೀರಾ. ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲಾಗಿದೆ ನೋಡಿ, ಅದರ ಮೇಲೆ ಹೊಸ ಸೂಜಿ ಎಷ್ಟು ಹಂಚಬೇಕು, ಗಾಯಕ್ಕೆ ಏನು ಬೇಕು ಎಂದು ಗೊತ್ತು ಮಾಡುತ್ತಾರೆ. ನಮ್ಮ ಆಸ್ಪತ್ರೆಯ ಫಾರ್ಮಸಿಸ್ಟರು ಇದನ್ನು ಕೇಳಿ, "ಅಂಥವರಿಗೆ ಸೂಜಿ ಬೇರೆ ಕೊಡ್ತಾರಾ?" ಎಂದರು. "ಹಳೇ ಸೂಜಿ ಹಂಚಿಕೊಂಡ್ರೆ ಎಲ್ಲರಿಗೂ ಏಡ್ಸು ಬರತ್ತೆ, ಸಾರ್," ಎಂದೆ. ಅವರಿಗೆ ಗೊತ್ತಿಲ್ಲದ್ದಲ್ಲ. ಕೇಳಿದರೆ ಒಂದು ಗತ್ತು ಅಷ್ಟೆ.

ಪರದೇಶಕ್ಕೆ ಹೋಗಲು ಪಾಸ್‌ಪೋರ್ಟು ಬೇಕು ಅನ್ನುವವರು ಜನವರಿಯಲ್ಲಿ ದೆಹಲಿ ನೋಡಿಲ್ಲ. ಎರಡು ರಾತ್ರಿ ರೈಲಿನಲ್ಲಿ ಕೂತು ಇಳಿದರೆ ಸೂರ್ಯನೇ ಬೇರೆ, ನಮ್ಮ ಚಂದ್ರನಿಗಿಂತ ಮಂಕು. ನೀರು ಬೇರೆ, ಉಪ್ಪು ಬೇರೆ, ಬಾಳೆಹಣ್ಣನ್ನು ಡಜನ್ ಲೆಕ್ಕದಲ್ಲಿ ಕೊಟ್ಟು ಒಂದನ್ನೂ ಮುಟ್ಟಿ ಆರಿಸಲು ಬಿಡುವುದಿಲ್ಲ. ಹುಡುಗಿಯಾಗಿದ್ದಾಗ ನಾನು ಹಿಂದಿ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ್ದೆ. ಆ ಹಿಂದಿಯನ್ನು ಸ್ಟೇಷನ್ನಿನಲ್ಲಿ ಹೊರಗೆ ತೆಗೆದಾಗ ಆಟೋದವನು ಮೀಟರು ಮರೆತು ತಿರುಗಿ ನೋಡಿದ. "ಮಾತಾಜಿ, ರೇಡಿಯೋದಲ್ಲಿ ವಾರ್ತೆ ಓದ್ತೀರಾ?" ಎಂದ.

ಮನೆಯೊಡತಿಯನ್ನು ಎಲ್ಲರೂ ಮೌಸಿ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಕೆಳಗಡೆ ಮಂಚ ಹಾಕಿಕೊಂಡು ಬಿಸಿಲು ಕಾಯಿಸಿಕೊಳ್ಳುತ್ತಾ ಬಾಡಿಗೆಯವರ ಚಲನವಲನ ನೋಡುವುದು ಆಕೆಯ ಉದ್ಯೋಗ. ಮೊದಲ ದಿನವೇ, "ಮದ್ರಾಸಿ?" ಎಂದು ಕೇಳಿದರು. ಕರ್ನಾಟಕ ಎಂದೆ. "ಹಾಂ, ಮದ್ರಾಸಿ," ಎಂದು ಇತ್ಯರ್ಥ ಮಾಡಿದರು. ಎರಡನೆಯ ಕಾಲಮ್ಮೇ ಇಲ್ಲದ ರಿಜಿಸ್ಟರು ಅದು.

ಓಖ್ಲಾ

ಸಮೀಕ್ಷೆ ನಡೆಯುವುದು ಓಖ್ಲಾದಲ್ಲಿ, ಬಟ್ಟೆ ಕಾರ್ಖಾನೆಗಳ ಹಿಂದಿನ ಗಲ್ಲಿಯ ಒಂದು ಕೇಂದ್ರದಲ್ಲಿ. ಎರಡು ಕೋಣೆ. ಒಂದರಲ್ಲಿ ನರ್ಸಮ್ಮ ಗಾಯಗಳಿಗೆ ಡ್ರೆಸ್ಸಿಂಗ್ ಮಾಡುತ್ತಾಳೆ, ಇನ್ನೊಂದರಲ್ಲಿ ಕೇರಂ ಬೋರ್ಡು, ಟೀವಿ, ಮಲಗಲು ಚಾಪೆ. ಬೀಗದ ಕೈ ಬಲದೇವ್ ಎನ್ನುವವರ ಹತ್ತಿರ.

ಬಲದೇವ್‌ಗೆ ನಲವತ್ತೆರಡು. ಹನ್ನೆರಡು ವರ್ಷ ತಾವೇ ಚುಚ್ಚಿಕೊಂಡು, ನಾಲ್ಕು ವರ್ಷದ ಹಿಂದೆ ಬಿಟ್ಟು, ಈಗ ಅದೇ ಜನರನ್ನು ಕರೆತಂದು ಪ್ರಶ್ನೆ ಕೇಳುವ ಕೆಲಸ ಮಾಡುತ್ತಾರೆ. ಬಿಟ್ಟ ಮೇಲೆ ಸಿಕ್ಕಿದ ಮೊದಲ ಕೆಲಸ ಇದು, ಇನ್ನೊಂದು ಸಿಗುವ ಹಾಗೂ ಇಲ್ಲ; ಅದನ್ನು ಅವರೇ ಹೇಳಿದರು, ಹವೆ ಬಗ್ಗೆ ಹೇಳುವವರ ಹಾಗೆ. ಜೇಬಿನಲ್ಲಿ ಯಾವಾಗಲೂ ಒಂದು ಬಾಚಣಿಗೆ. ಬಂದವರ ತಲೆಯನ್ನು ಮೊದಲು ಬಾಚಿ ಆಮೇಲೆ ಕೂರಿಸುತ್ತಿದ್ದರು.

"ಯಾಕೆ?" ಎಂದು ಕೇಳಿದೆ.

"ಫಾರಂ ತುಂಬೋದಲ್ವಾ ಮುನ್ಶೀಜಿ. ಮನುಷ್ಯನ ಥರ ಕಾಣಬೇಕು."

ಮುನ್ಶೀಜಿ ಅಂದರೆ ನಾನು, ಗುಮಾಸ್ತೆ. ಅವರು ಕೇಳುವುದು, ನಾನು ಬರೆಯುವುದು, ಕೆಳಗೆ ಅವರು ಸಹಿ ಹಾಕುವುದು. ಇಂಗ್ಲಿಷ್ ಅಂಕಿಗಳ ಮೇಲೆ ಅವರಿಗೆ ವಿಶ್ವಾಸವಿರಲಿಲ್ಲ. ನನ್ನ ಮೇಲೆ ಇತ್ತು. ಓದದೆ ಸಹಿ ಹಾಕುತ್ತಿದ್ದರು.

ಬಂದವರು ಹೇಗಿರುತ್ತಾರೋ ಎಂದು ಹೆದರಿದ್ದೆ. ನಮ್ಮ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವರ ಹಾಗೇ ಇದ್ದರು, ಸ್ವಲ್ಪ ಹೆಚ್ಚು ವಿನಯ. ತರಕಾರಿ ಮಂಡಿಯಲ್ಲಿ ಮೂಟೆ ಹೊರುವವರು, ಬಟ್ಟೆಯ ದಾರ ಕತ್ತರಿಸುವವರು, ರಿಕ್ಷಾ ಎಳೆಯುವವರು. ಮದುವೆ ಆಗಿದೆಯೇ ಎಂದು ಕೇಳಿದಾಗ ಒಬ್ಬ ಬಹಳ ಹೊತ್ತು ಯೋಚಿಸಿ, "ಥೋಡಾ ಥೋಡಾ" ಎಂದ, ಸ್ವಲ್ಪ ಸ್ವಲ್ಪ ಅಂತೆ. ನನ್ನ ಚೀಟಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಚೀಟಿಯಲ್ಲಿ ಹಿಡಿಸದ ಮಾತುಗಳನ್ನು ನನ್ನ ಸ್ವಂತ ನೋಟ್‌ಬುಕ್ಕಿನಲ್ಲಿ ಚೀಟಿಯ ನಂಬರು ಹಾಕಿ ಬರೆದುಕೊಳ್ಳುತ್ತಿದ್ದೆ. ಅದು ನನ್ನ ಹಳೆಯ ಚಟ. ಚಟ ಎನ್ನುವ ಮಾತನ್ನು ಅಲ್ಲಿ ಕೂತು ಬಳಸಲು ಸ್ವಲ್ಪ ಸಂಕೋಚ.

ದಿನಕ್ಕೆ ಎಷ್ಟು ಸಲ ಎನ್ನುವ ಪ್ರಶ್ನೆಗೆ ಬಹಳ ಮಂದಿ "ಏಕ್ ಸೆಟ್", "ದೋ ಸೆಟ್" ಎನ್ನುತ್ತಿದ್ದರು. ಚೀಟಿಯಲ್ಲಿ ಬರೆಯಬೇಕಾದದ್ದು ಎಷ್ಟು ಸಲ ಚುಚ್ಚಿದರು ಎನ್ನುವ ಅಂಕಿ. ಶಬಾನಾ ಬಾಗಿಲ ಹತ್ತಿರ ಫೋನಿನಲ್ಲಿದ್ದಳು.

"ಶಬಾನಾ, ಸೆಟ್ ಅಂತಾರಲ್ಲ, ಏನೇ ಅದು?"

ಅವಳು ಫೋನಿಗೆ ಕೈ ಅಡ್ಡ ಹಿಡಿದು, "ಸೆಟ್ಟು ಆಂಟಿ. ನಮ್ಮಲ್ಲೂ ಇಲ್ವಾ ಸೆಟ್ಟು? ಒಟ್ಟಿಗೆ ಬರತ್ತಲ್ಲ, ಹಾಗೆ," ಎಂದು ಮತ್ತೆ ಫೋನಿಗೆ ಹಿಂದಿರುಗಿದಳು.

ನಮ್ಮಲ್ಲಿ ಒಟ್ಟಿಗೆ ಬರುವ ಸೆಟ್ಟು ನನಗೆ ಗೊತ್ತಿದ್ದದ್ದು ಒಂದೇ, ಸೆಟ್ ದೋಸೆ. ಅದು ನಮ್ಮೂರಿನಲ್ಲಿ ಮೂರು. ನಾಲ್ಕು ಕೊಟ್ಟ ಉದಾರಿಯನ್ನು ಒಮ್ಮೆ ನೋಡಿದ್ದೇನೆ, ಎರಡು ಕೊಟ್ಟವನನ್ನು ನೋಡಿಲ್ಲ. ಹಾಗಾಗಿ ಎರಡು ಸೆಟ್ ಅಂದವನ ಮುಂದೆ ಆರು ಎಂದು ಬರೆದೆ, ಮೂರು ಸೆಟ್ ಅಂದವನ ಮುಂದೆ ಒಂಬತ್ತು. ಬರೆದು, ಪಾಪ ಎಂದು ನಿಟ್ಟುಸಿರನ್ನೂ ಬಿಟ್ಟೆ. ಬಲದೇವ್ ಕೆಳಗೆ ಸಹಿ ಹಾಕಿದರು.

ದೊಡ್ಡ ಮೇಡಂ ಕಚೇರಿ

ಕಳೆದ ಮಂಗಳವಾರ ನಮ್ಮ ಮೂವರನ್ನೂ ಕಚೇರಿಗೆ ಕರೆಸಿದರು. ಈ ಸಮೀಕ್ಷೆಯನ್ನೆಲ್ಲ ನೋಡಿಕೊಳ್ಳುವ ದೊಡ್ಡ ಮೇಡಂ ಕಂಪ್ಯೂಟರಿನಲ್ಲಿ ಗೆರೆಗಳ ನಕ್ಷೆ ತೋರಿಸಿದರು. ಸಮೀಕ್ಷೆ ನಡೆಯುವ ಉಳಿದ ಎರಡು ಬಡಾವಣೆಗಳ ಗೆರೆ ಹೋದ ಸಲದ ಹಾಗೇ ನೆಲ ಹಿಡಿದು ಹೋಗಿತ್ತು. ಓಖ್ಲಾದ್ದು ಮಾತ್ರ ಏಣಿ ಹಾಕಿದ ಹಾಗೆ ಮೇಲೆ.

ಇಂಗ್ಲಿಷಿನಲ್ಲಿ ಬಹಳ ಬೇಗ ಮಾತಾಡಿದರು. ಅರ್ಥ ಆದದ್ದಿಷ್ಟು: ಸಂಖ್ಯೆ ಎಷ್ಟಿದೆಯೋ ಅಷ್ಟು ಹೊಸ ಸೂಜಿ ಕೇಂದ್ರಕ್ಕೆ ಬರುತ್ತದೆ. ಸಂಖ್ಯೆ ಉಬ್ಬಿಸಿದರೆ ಹೆಚ್ಚು ಸೂಜಿ. ಹೆಚ್ಚು ಬಂದ ಸೂಜಿ ಹೊರಗೆ ಮಾರಾಟ. ಚೀಟಿಗಳ ಕೆಳಗೆ ಇರುವ ಸಹಿ ಬಲದೇವ್‌ದು.

"ನಾನು ಕೇಳಿದೆ, ಅವರು ಹೇಳಿದರು," ಎಂದರು ಬಲದೇವ್ ಹಿಂದಿಯಲ್ಲಿ. "ನಾನು ಏನೂ ಸೇರಿಸಿಲ್ಲ ಮೇಡಂ."

"ಇಷ್ಟು ಜನ ಒಂದೇ ಸಲ ಮೂರು ಪಟ್ಟು ಹೇಗೆ ಹೆಚ್ಚಿಸಿದರು?"

ಸತ್ಯ ಹೇಳಬೇಕೆಂದರೆ ನನಗೂ ಒಂದು ಕ್ಷಣ ಅನುಮಾನ ಬಂತು. ಇಪ್ಪತ್ತಾರು ವರ್ಷದಲ್ಲಿ ಸ್ಟೋರಿನಿಂದ ಏನೇನು ಕಾಲು ಮೂಡಿ ನಡೆದು ಹೋಗಿವೆ ಎಂದು ಬಲ್ಲೆ. ಮೂರು ಪಟ್ಟು ಎನ್ನುವ ಮಾತು ಕಿವಿಗೆ ಬಿದ್ದರೂ ನನ್ನ ತಲೆ ಅದನ್ನು ಎತ್ತಿಕೊಳ್ಳಲಿಲ್ಲ. ತಪ್ಪು ನಮ್ಮ ಗುಂಡು ಅಕ್ಷರದಲ್ಲಿ ಇರಬಹುದು ಎಂದು ನಮಗೆ ಹೊಳೆಯುವುದು ಕಷ್ಟ.

ತನಿಖೆ ಮುಗಿಯುವ ತನಕ ಬರಬೇಡಿ ಎಂದರು ಮೇಡಂ. ಬಲದೇವ್ ಬೀಗದ ಕೈ, ಕಚೇರಿಯ ಮೊಬೈಲು ಎರಡನ್ನೂ ಮೇಜಿನ ಮೇಲೆ ಸದ್ದಾಗದಂತೆ ಇಟ್ಟರು. ಬಾಗಿಲ ಹತ್ತಿರ ನಿಂತು ಒಮ್ಮೆ ತಲೆ ಬಾಚಿಕೊಂಡು ಹೊರಟುಹೋದರು.

ಮೆಟ್ಟಿಲು ಇಳಿಯುವಾಗ ಶಬಾನಾ ಅಳುತ್ತಿದ್ದಳು. "ಅವರು ಮತ್ತೆ ಶುರು ಮಾಡಿಕೊಂಡ್ರೆ ಆಂಟಿ? ನಾಲ್ಕು ವರ್ಷ. ಇಂಥಾ ದಿನಾನೇ ಶುರು ಮಾಡೋದು ಜನ."

ಕಚೇರಿ ಪಕ್ಕದ ಹೋಟೆಲು

ಅಳುವವರಿಗೆ ಮೊದಲು ತಿನ್ನಿಸಬೇಕು. ಪಕ್ಕದಲ್ಲೇ ದಕ್ಷಿಣದವರ ಒಂದು ಪುಟ್ಟ ಹೋಟೆಲು, ಫಲಕದಲ್ಲಿ ಸೆಟ್ ದೋಸೆ ಎಂದಿತ್ತು. ಎರಡು ಸೆಟ್ ಹೇಳಿದೆ. ಮಾಣಿ ತಂದಿಟ್ಟ ತಟ್ಟೆಯಲ್ಲಿ ಎರಡೆರಡೇ ದೋಸೆ.

"ಭಯ್ಯಾ, ಇನ್ನೊಂದೊಂದು ಎಲ್ಲಿ?"

"ಇಷ್ಟೇ ಅಮ್ಮ. ಸೆಟ್‌ಗೆ ಎರಡು."

"ಸೆಟ್ ಅಂದರೆ ಮೂರಪ್ಪ."

"ನಿಮ್ಮೂರಲ್ಲಿ ಮೂರು ಇರಬಹುದು. ಇಲ್ಲಿ ಎರಡು," ಎಂದು ಮಾಣಿ ಬೇರೆ ಮೇಜಿಗೆ ಹೋದ.

ನಾನು ಎರಡು ದೋಸೆಗಳನ್ನು ನೋಡಿದೆ. ಚಟ್ನಿಯನ್ನು ನೋಡಿದೆ. ಆಮೇಲೆ ಬಹಳ ನಿಧಾನವಾಗಿ, ತಣ್ಣೀರು ಬೆನ್ನಿನ ಮೇಲೆ ಇಳಿದ ಹಾಗೆ, ಒಂದು ಪ್ರಶ್ನೆ ಇಳಿಯಿತು.

"ಶಬಾನಾ, ಅವರ ಸೆಟ್ ಅಂದ್ರೆ ಎಷ್ಟೇ?"

"ಯಾರ ಸೆಟ್ಟು?"

"ಓಖ್ಲಾದವರದು."

"ಒಂದು ಸಲಕ್ಕೆ ಬೇಕಾದ್ದು ಆಂಟಿ. ಗಾಜಿನ ಕುಪ್ಪಿ ಔಷಧಿ, ಸಿರಿಂಜು, ಎಲ್ಲಾ ಸೇರಿಸಿ ಒಂದು ಸೆಟ್. ಒಂದು ಸೆಟ್ ಅಂದ್ರೆ ಒಂದು ಸಲ." ದೋಸೆ ಮುರಿದ ಅವಳ ಕೈ ಅಲ್ಲೇ ನಿಂತಿತು. "ನೀವು ಎಷ್ಟು ಅಂತ ಬರೆದ್ರಿ?"

ಮೂರು ಬೆರಳು ತೋರಿಸಿದೆ.

ಅವಳು ನನ್ನ ಬೆರಳು ನೋಡಿದಳು, ತಟ್ಟೆ ನೋಡಿದಳು, ಮೇಜಿಗೆ ಹಣೆ ಇಟ್ಟಳು. ಭುಜ ಅಲುಗುತ್ತಿತ್ತು. ಮತ್ತೆ ಅಳುತ್ತಾಳೆ ಅಂದುಕೊಂಡೆ, ನಗುತ್ತಿದ್ದಳು. ಆಮೇಲೆ ನಿಜವಾಗಿ ಅತ್ತಳು. ದೋಸೆಯನ್ನು ಅಲ್ಲೇ ಬಿಟ್ಟು ಮತ್ತೆ ಮೆಟ್ಟಿಲು ಹತ್ತಿದೆವು. ಅನ್ನವನ್ನು ಹಾಗೆ ಬಿಟ್ಟು ಎದ್ದದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ಮೇಡಂ ಮುಂದೆ ನಿಂತು ನನ್ನ ಪರೀಕ್ಷೆಯ ಹಿಂದಿಯಲ್ಲಿ ಹೇಳಿದೆ: ತಪ್ಪು ನನ್ನದು, ಬಲದೇವ್‌ದಲ್ಲ, ನಾನು ಸೆಟ್ ದೋಸೆ ಎಂದು ತಿಳಿದು ಬರೆದೆ.

ಮೇಡಂ ಪೆನ್ನು ಎತ್ತಿಕೊಂಡರು. "ಸೆಟ್ ದೋಸಾ? ಅದು ಯಾವ ಡ್ರಗ್?"

ವಿವರಿಸಲು ಬಹಳ ಹೊತ್ತು ಹಿಡಿಯಿತು. ಮೃದುವಾಗಿರುತ್ತದೆ, ಒಂದರ ಮೇಲೊಂದು ಇಡುತ್ತಾರೆ ಎಂದು ಕೈಯಲ್ಲಿ ತೋರಿಸಿದೆ. ಅವರು ನಗಲಿಲ್ಲ. ಯಾರು ಸೆಟ್ ಅಂದರು, ಯಾರು ಅನ್ನಲಿಲ್ಲ ಎನ್ನುವುದು ಈಗ ಹೇಗೆ ಗೊತ್ತಾಗುತ್ತದೆ, ಚೀಟಿಯಲ್ಲಿ ಅಂಕಿ ಮಾತ್ರ ಇದೆಯಲ್ಲ ಎಂದರು. ನ್ಯಾಯವಾದ ಪ್ರಶ್ನೆ. ನನ್ನ ನೋಟ್‌ಬುಕ್ಕು ಮುಂದಿಟ್ಟೆ. ಚೀಟಿ ನಂಬರು, ಎದುರಿಗೆ ಅವರವರು ಹೇಳಿದ ಮಾತು, ಕನ್ನಡ ಅಕ್ಷರದಲ್ಲಿ. ಶಬಾನಾ ಗಟ್ಟಿಯಾಗಿ ಓದುತ್ತಾ ಹೋದಳು: ದೋ ಸೆಟ್, ಏಕ್ ಸೆಟ್, ಥೋಡಾ ಥೋಡಾ, "ಇದು ಮದುವೆಗೆ ಸಂಬಂಧಪಟ್ಟದ್ದು ಮೇಡಂ," ತೀನ್ ಸೆಟ್.

ಹತ್ತನೆಯದಕ್ಕೋ ಹನ್ನೆರಡನೆಯದಕ್ಕೋ ಮೇಡಂ ಕೈ ಎತ್ತಿ ನಿಲ್ಲಿಸಿದರು. "ಹೋದ ಸಲ ಓಖ್ಲಾದಲ್ಲಿ ಯಾರಾದರೂ ಸೆಟ್ ಅಂದಿದ್ದರಾ?"

"ಇಲ್ಲ ಮೇಡಂ," ಎಂದಳು ಶಬಾನಾ. "ಪುಡಿಯಾ ಅಂತಿದ್ರು." ಅಂದವಳು ತಾನೇ ತಡೆದು ನಿಂತಳು.

ಪುಡಿಯಾ ಅಂದರೆ ಬೀದಿಯಲ್ಲಿ ಸಿಗುವ ಪುಡಿಯ ಪೊಟ್ಟಣ. ಸೆಟ್ ಅಂದರೆ ಔಷಧಿ ಅಂಗಡಿಯ ಕುಪ್ಪಿ. ಅಂದರೆ ಚುಚ್ಚಿಕೊಳ್ಳುವುದು ಹೆಚ್ಚಿರಲಿಲ್ಲ. ಚುಚ್ಚಿಕೊಳ್ಳುವ ವಸ್ತುವೇ ಬದಲಾಗಿತ್ತು. ಏನು ಚುಚ್ಚಿಕೊಳ್ಳುತ್ತೀರಿ ಎನ್ನುವ ಕಡೆ ನಮ್ಮ ಚೀಟಿಯಲ್ಲಿ ಕುಪ್ಪಿ ಔಷಧಿಗೆ ಬೇರೆ ಚೌಕವೇ ಇರಲಿಲ್ಲ, ಪುಡಿಗೂ ಕುಪ್ಪಿಗೂ ಒಂದೇ ಗುರುತು. ಓಖ್ಲಾದ ನರ್ಸಮ್ಮ ಎರಡು ತಿಂಗಳಿಂದ ಗಾಯಗಳು ಬೇರೆ ಥರ ಇವೆ ಎಂದು ಹೇಳುತ್ತಲೇ ಇದ್ದಳಂತೆ. ಅವಳ ಮಾತಿಗೂ ಕಾಲಮ್ಮು ಇರಲಿಲ್ಲ.

ಮೇಡಂ ನೋಟ್‌ಬುಕ್ಕನ್ನು ತಿರುವಿ ನೋಡಿದರು, ಒಂದಕ್ಷರವೂ ಅರ್ಥವಾಗದಿದ್ದರೂ. ಕೊನೆಗೆ ಬೀಗದ ಕೈ ನನ್ನ ಕೈಗೆ ಕೊಟ್ಟು, "ಅವರನ್ನು ಹುಡುಕಿ," ಎಂದರು.

ಮೇಲ್ಸೇತುವೆಯ ಕೆಳಗೆ

ಹುಡುಕಲು ಫೋನು ಇಲ್ಲ. ಅದೂ ಮೇಜಿನ ಮೇಲೆ ಇತ್ತು. ಬಲದೇವ್ ಮನೆಗೆ ಹೋಗಿಲ್ಲ. ಕೇಂದ್ರದ ಮುಂದಿನ ಚಹಾದವನು ನೋಡಿಲ್ಲ. ಶಬಾನಾ ಒಂದು ಜಾಗದ ಹೆಸರು ಹೇಳದೆ ಆಟೋದವನಿಗೆ ದಾರಿ ಮಾತ್ರ ಹೇಳುತ್ತಿದ್ದಳು, ಮುಖ ಬಿಳಿಚಿಕೊಂಡಿತ್ತು. ಕುಪ್ಪಿ ಮಾರುವವರು ಕೂರುವ ಜಾಗ, ರೈಲು ಹಳಿ ಪಕ್ಕದ ಮೇಲ್ಸೇತುವೆಯ ಕೆಳಗೆ.

ಅವರು ಅಲ್ಲೇ ಇದ್ದರು. ನಮಗೆ ಬೆನ್ನು ಹಾಕಿ, ಕಂಬದ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು, ತಲೆ ತಗ್ಗಿಸಿ ಕೈಯಲ್ಲಿ ಏನೋ ಮಾಡುತ್ತಿದ್ದರು. ಶಬಾನಾ ನನ್ನ ಶಾಲು ಹಿಡಿದುಕೊಂಡಳು. ನಾನೇ ಹತ್ತಿರ ಹೋದೆ, ಒಂದರ ಬದಲು ಮೂರು ಬರೆದವಳು ನಾನು.

ಅವರ ಕೈಯಲ್ಲಿ ಇಕ್ಕಳ ಇತ್ತು. ಪಕ್ಕದಲ್ಲಿ ಮುಚ್ಚಳದ ಡಬ್ಬಿ. ಬಿದ್ದಿದ್ದ ಹಳೆಯ ಸೂಜಿಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕುತ್ತಿದ್ದರು.

"ಮಂಗಳವಾರ ಅಲ್ವಾ," ಎಂದರು ನಮ್ಮನ್ನು ನೋಡಿ. ಮಂಗಳವಾರ ಸೂಜಿ ಹೆಕ್ಕುವ ದಿನ. "ಕೆಲಸ ಹೋಯ್ತು ಅಂತ ಸೂಜಿಗೆ ಗೊತ್ತಾಗಲ್ಲ, ಮುನ್ಶೀಜಿ. ಯಾರೋ ಬರಿಗಾಲಲ್ಲಿ ತುಳೀತಾರೆ."

ನಾನು ಅವರ ಎದುರು ಕೂತು ಎಲ್ಲ ಹೇಳಿದೆ. ದೋಸೆಯಿಂದ ಶುರು ಮಾಡಿ ಮೇಡಂ ತನಕ. ಲಿಂಗ, ವಚನ, ವಿಭಕ್ತಿ ಎಲ್ಲ ತಪ್ಪಿದವು. ಆ ಹಿಂದಿ ಪರೀಕ್ಷಕರು ಕೇಳಿಸಿಕೊಂಡಿದ್ದರೆ ಸರ್ಟಿಫಿಕೇಟು ವಾಪಸ್ಸು ಕೇಳುತ್ತಿದ್ದರು. ನಿಮ್ಮ ಮೇಲೆ ನನಗೂ ಅನುಮಾನ ಬಂದಿತ್ತು ಎನ್ನುವುದನ್ನೂ ಹೇಳಿದೆ. ಅದನ್ನು ಶಬಾನಾಗೂ ಹೇಳಿರಲಿಲ್ಲ.

ಅವರು ಒಂದು ಸೂಜಿ ಹೆಕ್ಕಿದರು. ಇನ್ನೊಂದು ಹೆಕ್ಕಿದರು. "ಮೇಡಂ ತಪ್ಪಾಯ್ತು ಅಂದ್ರಾ?"

"ಇಲ್ಲ. ಬೀಗದ ಕೈ ಕೊಟ್ಟರು."

"ಅಚ್ಛಾ." ನಾನು ಚಾಚಿದ ಬೀಗದ ಕೈಯನ್ನು ನೋಡಿದರು, ತೆಗೆದುಕೊಳ್ಳಲಿಲ್ಲ. ಆಮೇಲೆ ಕೇಳಿದರು, "ನಿಮ್ಮೂರಲ್ಲಿ ಸೆಟ್ ತೊಗೊಂಡ್ರೆ ಚಟ್ನಿ ಫ್ರೀನಾ?"

"ಸಾಗು ಕೂಡ."

"ಅದಕ್ಕೇ ನಿಮ್ಮೂರವರು ಸಮೀಕ್ಷೆಗೆ ಸಿಗಲ್ಲ," ಎಂದರು. ಶಬಾನಾ ಮುಖ ಮುಚ್ಚಿಕೊಂಡು ನಕ್ಕಳು. ಅವರು ಡಬ್ಬಿಯ ಮುಚ್ಚಳ ತಿರುಗಿಸಿದರು. "ನಾನು ಆ ಸೆಟ್ ನೋಡಬೇಕು. ಮೂರು ಇದ್ದರೆ ನಿಮ್ಮ ಮಾತು ಸುಳ್ಳಲ್ಲ ಅಂತ ಆಗತ್ತೆ. ಆಮೇಲೆ ಚಾವಿ ವಿಚಾರ."

ಮತ್ತೆ ಮುನಿರ್ಕಾ

ಅವತ್ತು ಸಂಜೆಯೇ ಅಕ್ಕಿ, ಉದ್ದು ನೆನೆಹಾಕಿದೆ. ದೆಹಲಿಯ ಜನವರಿಯಲ್ಲಿ ಹಿಟ್ಟು ಉಬ್ಬುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಬುಧವಾರ ರುಬ್ಬಿದ್ದು ಗುರುವಾರವೂ ಕಲ್ಲಿನಂತೆ ಕೂತಿತ್ತು. ಶಬಾನಾ ತನ್ನ ರಜಾಯಿಯನ್ನು ಅದಕ್ಕೆ ಕೊಟ್ಟು ನನ್ನದರಲ್ಲಿ ಪಾಲು ಕೇಳಿದಳು. ಮೌಸಿ ಬಂದು ರಜಾಯಿ ಎತ್ತಿ ನೋಡಿ, "ಯಾರಿಗೆ ಜ್ವರ?" ಎಂದರು. ಹಿಟ್ಟಿಗೆ ಎಂದೆ. ಮದ್ರಾಸಿ ಎನ್ನುವಂತೆ ತಲೆ ಆಡಿಸಿದರು.

ಬಲದೇವ್ ಇವತ್ತು ಹನ್ನೊಂದು ಗಂಟೆಗೆ ಬಂದರು, ಬಾಚಿದ ತಲೆ, ಒಗೆದ ಅಂಗಿ. ಕೈಯಲ್ಲಿ ಮೂಲಂಗಿಯ ಕಟ್ಟು. ಬರಿಗೈಯಲ್ಲಿ ಬರುವುದು ಹೇಗೆ ಎಂದು ತಂದದ್ದು. ಹಿಟ್ಟು ಕೊನೆಗೂ ಅರ್ಧ ಮನಸ್ಸಿನಿಂದ ಉಬ್ಬಿತ್ತು. ಕಾವಲಿ ಮೌಸಿಯದು, ಇಪ್ಪತ್ತು ವರ್ಷ ರೊಟ್ಟಿ ಬಿಟ್ಟು ಬೇರೇನನ್ನೂ ಕಂಡಿರದ ಕಬ್ಬಿಣ. ಮೊದಲ ದೋಸೆ ಅದನ್ನು ಬಿಟ್ಟು ಬರಲಿಲ್ಲ. ಎರಡನೆಯದು ಐದು ತುಂಡಾಗಿ ಬಂತು, ಮೂರನೆಯದು ಭೂಪಟದ ಹಾಗೆ.

ಬಲದೇವ್ ತಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದರು. "ಮುನ್ಶೀಜಿ, ಇದು ಎಷ್ಟು?"

"ಮೂರು," ಎಂದೆ.

"ನನಗೆ ಒಂಬತ್ತು ಕಾಣ್ತಿದೆ."

"ಬಲದೇವ್ ಭಯ್ಯಾ, ಈ ಸಲ ನೀವು ಓದಿ ಸಹಿ ಹಾಕಿ," ಎಂದಳು ಶಬಾನಾ. ಕೆಂಪು ಶಾಯಿಯಲ್ಲಿ ತಿದ್ದಿದ ಅರವತ್ತೆರಡು ಚೀಟಿಗಳನ್ನು ಅವರ ಪಕ್ಕಕ್ಕೆ ಇಟ್ಟಳು. ಅವರು ಕೈ ತೊಳೆದು ಬಂದು ಒಂದೊಂದನ್ನೂ ಬೆರಳಿಟ್ಟು, ಅಂಕಿಗಳನ್ನು ತುಟಿ ಅಲುಗಿಸಿ ಓದಿ ಸಹಿ ಹಾಕಿದರು. ಒಂದು ಗಂಟೆ ಹಿಡಿಯಿತು. ಏಳನೆಯ ಚೀಟಿಯವನು ಹೇಳಿದ್ದು ಅವರಿಗೆ ನೆನಪಿತ್ತು, ಅದರಲ್ಲಿ ಒಂದು ತಪ್ಪು ಹಿಡಿದರು. ತಿದ್ದುವ ಗಡಿಬಿಡಿಯಲ್ಲಿ ಎರಡರ ಬದಲು ಒಂದು ಬರೆದಿದ್ದೆ. ನಲವತ್ತೊಂದನೆಯದರಲ್ಲಿ ಇನ್ನೊಂದು. ಇಷ್ಟು ದಿನ ಯಾಕೆ ಓದಲಿಲ್ಲ ಎಂದು ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಮುಗಿದ ಮೇಲೆ ಮೊಳೆಗೆ ತೂಗುಹಾಕಿದ್ದ ಬೀಗದ ಕೈಯನ್ನು ಅವರೇ ಎದ್ದು ತೆಗೆದುಕೊಂಡರು.

ತಾರಸಿಯಲ್ಲಿ ಚಾಪೆ ಹಾಕಿದೆವು. ದೆಹಲಿಯ ಬಿಸಿಲಿಗೆ ಮಧ್ಯಾಹ್ನ ಒಂದು ಗಂಟೆ ಹೊತ್ತು ಮಾತ್ರ ಜೀವ. ಮಾತಾಡುತ್ತಾ ಬಲದೇವ್ ಗೋಡೆಗೆ ಒರಗಿದವರು ಮಾತು ನಿಲ್ಲಿಸಿದರು, ಕಣ್ಣು ಮುಚ್ಚಿತು, ತಲೆ ಎದೆಗೆ ಇಳಿಯಿತು. ಕೇಂದ್ರದಲ್ಲಿ ಹಾಗೆ ತೂಕಡಿಸುವವರ ಹತ್ತಿರ ಹೋಗಿ ಉಸಿರು ನೋಡುವುದು ಕ್ರಮ, ನಶೆ ಹೆಚ್ಚಾದರೆ ಉಸಿರೇ ನಿಲ್ಲುತ್ತದಂತೆ. ಶಬಾನಾ ನನ್ನ ಕಡೆ ನೋಡಿದಳು. ನಾನು ಮೆಲ್ಲಗೆ ಬಗ್ಗಿ ಅವರ ಮೂಗಿನ ಹತ್ತಿರ ಬೆರಳು ಹಿಡಿದೆ.

ಕಣ್ಣು ತೆರೆಯದೆ ಅವರು ಹೇಳಿದರು, "ಬರ್ಕೊಳ್ಳಿ ಮುನ್ಶೀಜಿ. ದೋಸೆ ನಶೆ."

ಬರೆದುಕೊಂಡೆ. ಇವತ್ತು ತಿಂದದ್ದು: ದೋಸೆ, ಕಾಯಿ ಚಟ್ನಿ, ಹಸಿ ಮೂಲಂಗಿ ಉಪ್ಪು ಹಚ್ಚಿ, ಕೊನೆಗೆ ಎಮ್ಮೆ ಹಾಲಿನ ಕಾಫಿ. ದೋಸೆ ಎಷ್ಟು ಎನ್ನುವ ಕಡೆ ಸೆಟ್ ಎಂದು ಬರೆಯಲಿಲ್ಲ, ಹನ್ನೊಂದು ಎಂದು ಬರೆದೆ. ಮೌಸಿಗೆ ಕಳಿಸಿದ ಎರಡೂ ಅದರಲ್ಲಿ ಸೇರಿವೆ. ಮೊದಲು ನಿದ್ದೆ ಹೋದವರು ಬಲದೇವ್, ಬೀಗದ ಕೈ ಮುಷ್ಟಿಯಲ್ಲಿ. ಆಮೇಲೆ ಶಬಾನಾ, ಚೀಟಿಗಳ ಕಟ್ಟಿನ ಮೇಲೆ ತಲೆಯಿಟ್ಟು. ನಾನು ಬಿಸಿಲು ಸರಿದ ಹಾಗೆಲ್ಲ ಅವರ ಮುಖಕ್ಕೆ ಶಾಲು ಸರಿಸುತ್ತಾ ಕೂತಿದ್ದೆ.